ಮೋಹನದಾಸರು ಒರಗುತ್ತಿದ್ದ ಗೋಡೆ

ಪುಣೆಯ ಧನಕವಡಿಯ ಒಂದು ಹಳೆಯ ಕಟ್ಟಡದ ನೆಲಮಹಡಿಯಲ್ಲಿರುವ ಕುಸುಮಕ್ಕನ ಮನೆಗೆ ಮೊದಲ ಸಲ ಕಾಲಿಟ್ಟವರು ಹೇಳುವ ಮಾತು ಒಂದೇ: ನಿಮ್ಮ ಮನೆಗೆ ಯಾವ ವಾಸನೆಯೂ ಇಲ್ಲವಲ್ಲ! ಹೊಗಳಿದರೋ ದೂರಿದರೋ ಎಂದು ಗೊತ್ತಾಗುವುದಿಲ್ಲ. ಪುಣೆಯ ಮಳೆಗಾಲದಲ್ಲಿ ನೆಲಮಹಡಿಯ ಮನೆಯೆಂದ ಮೇಲೆ ಏನಾದರೊಂದು ವಾಸನೆ ಇರಲೇಬೇಕು. ಒಣಗದ ಬಟ್ಟೆಯದು, ಮುಗ್ಗಿದ ಹಾಸಿಗೆಯದು, ಇಲ್ಲವೇ ಅವೆರಡನ್ನೂ ಮುಚ್ಚಿಹಾಕಲು ನೆಲಕ್ಕೆ ಸುರಿದ ಫಿನಾಯಿಲಿನದು. ಕುಸುಮಕ್ಕನ ಮನೆಯಲ್ಲಿ ಈ ಮೂರೂ ಇಲ್ಲ. ಇದ್ದರೆ ಅವಳ ಮೂಗು ಸುಮ್ಮನಿರಬೇಕಲ್ಲ? ಪಕ್ಕದ ಮನೆಯಲ್ಲಿ ಹಾಲು ಹುಳಿಯಾಗುವ ಮೊದಲೇ ಇವಳಿಗೆ ತಿಳಿಯುತ್ತದೆ ಎಂದು ಕಟ್ಟಡದವರೆಲ್ಲ ತಮಾಷೆ ಮಾಡುತ್ತಾರೆ.

ಅವಳ ಸರಂಜಾಮು ನೋಡಿದರೆ ಯಾರಿಗಾದರೂ ನಗು ಬರಬೇಕು. ಸಿಂಕಿನ ಕೆಳಗೆ ಎರಡು ಹಳೆಯ ಎಣ್ಣೆ ಕ್ಯಾನುಗಳು. ಒಂದರಲ್ಲಿ ಅಂಟುವಾಳದ ಕಾಯಿ ನೆನೆಸಿ ಕುದಿಸಿ ಸೋಸಿದ ನೀರು. ಎಣ್ಣೆ ಜಿಡ್ಡಿಗೆ ಅದು. ಇನ್ನೊಂದರಲ್ಲಿ ಹುಳಿನೀರು. ಹೋಟೆಲಿನಲ್ಲಿ ಹಿಂಡಿ ಬಿಸಾಡಿದ ಲಿಂಬೆ ಸಿಪ್ಪೆಗೆ ಬೆಲ್ಲದ ನೀರು ಹಾಕಿ, ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ, ತಿಂಗಳುಗಟ್ಟಲೆ ಕಾದು ತೆಗೆದದ್ದು. ಬೂಷ್ಟು ಹಿಡಿದ ಕಡೆಗೆಲ್ಲ ಅದು. ಕಪಾಟಿನ ಮೂಲೆಗಳಲ್ಲಿ ತೇವ ಹೀರಲು ಬಟ್ಟೆಯಲ್ಲಿ ಕಟ್ಟಿದ ಇದ್ದಿಲು, ಹಾಸಿಗೆಯ ಅಡಿಗೆ ಒಣಗಿದ ಬೇವಿನೆಲೆ. ಮಳೆ ಸುರಿಯುವಷ್ಟು ಹೊತ್ತು ಕಿಟಕಿ ಮುಚ್ಚಿ, ನಿಂತ ಕೂಡಲೇ ಎದುರುಬದುರಿನ ಎರಡನ್ನೂ ತೆರೆದು ಗಾಳಿ ಹಾಯಿಸುವುದು ಅವಳ ಮಳೆಗಾಲದ ಮುಖ್ಯ ಉದ್ಯೋಗ. ಪುಣೆಯ ಇನ್ನೊಂದು ತುದಿಯ ವಾಕಡದಲ್ಲಿರುವ ಮಗಳು ದೀಕ್ಷಿತಾಳ ಆಫೀಸಿನ ಗೆಳತಿಯರು ಒಮ್ಮೆ ಬಂದಿದ್ದಾಗ ಇದನ್ನೆಲ್ಲ ಕಂಡು, ಆಂಟಿ ನೀವು ಎಷ್ಟು ಇಕೋ ಫ್ರೆಂಡ್ಲಿ ಎಂದು ಕಣ್ಣರಳಿಸಿ ಫೋಟೋ ತೆಗೆದುಕೊಂಡು ಹೋಗಿದ್ದರು. ಕುಸುಮಕ್ಕ ಸುಮ್ಮನೆ ನಕ್ಕಿದ್ದಳು. ಪರಿಸರದ ಚಿಂತೆ ಅವಳಿಗೆ ಎಂದೂ ಇರಲಿಲ್ಲ. ಅವಳಿಗಿದ್ದದ್ದು ಒಬ್ಬನೇ ಒಬ್ಬ ಮನುಷ್ಯನ ಉಸಿರಿನ ಚಿಂತೆ.

ಗಂಡ ಮೋಹನದಾಸರಿಗೆ ದಮ್ಮು. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗ ಪುಣೆಗೆ ಬಂದು, ಅವರಿವರ ಹೋಟೆಲಿನಲ್ಲಿ ದುಡಿದು, ಕೊನೆಗೆ ಧನಕವಡಿಯ ಕಾಲೇಜುಗಳ ಹತ್ತಿರ ತಮ್ಮದೇ ಒಂದು ಸಣ್ಣ ಇಡ್ಲಿ-ವಡೆ ಹೋಟೆಲು ಹಾಕಿಕೊಂಡ ಮನುಷ್ಯ. ಒಲೆಯ ಹೊಗೆ ಎದೆಯಲ್ಲಿ ಮನೆ ಮಾಡಿಕೊಂಡಿತ್ತು. ಮದುವೆಯಾದ ಹೊಸತರಲ್ಲಿ ಕುಸುಮಕ್ಕ ಹುರುಪಿನಿಂದ ಫಿನಾಯಿಲ್ ಹಾಕಿ ನೆಲ ಒರೆಸಿದ ದಿನ ಅವರು ಬಾಗಿಲ ಚೌಕಟ್ಟು ಹಿಡಿದು ಉಸಿರಿಗಾಗಿ ಒದ್ದಾಡಿದ್ದರು. ಅಂದಿನಿಂದ ಆ ಬಾಟಲಿ ಮನೆಯ ಹೊಸ್ತಿಲು ದಾಟಲಿಲ್ಲ. ಧೂಪವಿಲ್ಲ, ಆ್ಯಸಿಡ್ ಇಲ್ಲ, ಸೊಳ್ಳೆ ಬತ್ತಿಯೂ ಇಲ್ಲ. ಊರಿನ ಅತ್ತೆಯನ್ನು ಕೇಳಿ, ಅವರಿವರಿಂದ ಕಲಿತು, ತಾನೇ ಹಾಕಿ ತೆಗೆದು ನೋಡಿ ತನ್ನ ಎರಡು ಕ್ಯಾನುಗಳ ವಿದ್ಯೆಯನ್ನು ಸಿದ್ಧಿ ಮಾಡಿಕೊಂಡಳು.

ಇಷ್ಟೆಲ್ಲ ಮಾಡಿದವಳಿಗೆ ಸೋಲಾದದ್ದು ಒಂದೇ ಕಡೆ, ಬಂದವರು ಕೂರುವ ಹಾಲಿನ ಕಿಟಕಿ ಪಕ್ಕದ ಗೋಡೆಯಲ್ಲಿ. ಮಧ್ಯಾಹ್ನದ ಗಿರಾಕಿಗಳು ಮುಗಿದ ಮೇಲೆ ಮೋಹನದಾಸರು ಮನೆಗೆ ಬರುತ್ತಿದ್ದರು. ಒಲೆಯ ಬಿಸಿಗೆ ಕಾದ ತಲೆಗೆ ಊರಿನ ಗಾಣದ ತೆಂಗಿನೆಣ್ಣೆಯನ್ನು ತಟ್ಟಿ ತಟ್ಟಿ ಇಳಿಸಿ, ಊಟ ಮಾಡಿ, ಚಾಪೆ ಹಾಸಿಕೊಂಡು ಆ ಗೋಡೆಗೆ ತಲೆಯೊರಗಿಸಿ ಕೂರುತ್ತಿದ್ದರು. ಮಲಗಿದರೆ ಅವರಿಗೆ ಉಸಿರು ಕಟ್ಟುತ್ತಿತ್ತು. ಕೂತೇ ಒಂದು ಜೊಂಪು ನಿದ್ದೆ. ಎದ್ದು ಹೋದ ಮೇಲೆ ಗೋಡೆಯ ಮೇಲೆ ಎಣ್ಣೆಯ ಗುಂಡನೆಯ ಗುರುತು.

"ಹ್ವಾಯ್, ತಲಿ ಗ್ವಾಡಿಗೆ ತಾಗ್ಸ್‌ಬೇಡಿ ಅಂದ್ ಎಷ್ಟ್ ಸರ್ತಿ ಹೇಳೂದ್ ನಿಮ್ಗೆ?"

"ಗ್ವಾಡಿ ಇಪ್ಪುದ್ ಎಂತಕ್ಕೆ ಮತ್ತೆ? ಒರ್ಗೂಕೆ ಅಲ್ದಾ?" ಎಂದು ಅವರು ಕಣ್ಣು ಬಿಡದೆಯೇ ಹೇಳುತ್ತಿದ್ದರು.

ಮಾತು ಅಲ್ಲಿಗೆ ಮುಗಿಯುತ್ತಿರಲಿಲ್ಲ. ಅವಳು ಬಟ್ಟೆಯ ತುಂಡೊಂದನ್ನು ಗೋಡೆಗೆ ನೇತು ಹಾಕಿ ನೋಡಿದಳು. ಅವರು ಅದನ್ನು ಸರಿಸಿ ಒರಗಿದರು. ದಿಂಬು ಕೊಟ್ಟಳು, ಸೊಂಟಕ್ಕೆ ಇಟ್ಟುಕೊಂಡರು. ಶನಿವಾರ ಬಂತೆಂದರೆ ಅಂಟುವಾಳದ ನೀರಿಗೆ ಸೋಡಾ ಬೆರೆಸಿ ಗೋಡೆ ತಿಕ್ಕುವುದು, ತಿಕ್ಕುವಷ್ಟು ಹೊತ್ತೂ ಗಂಡನಿಗೆ ಬೈಯುವುದು. ದೀಕ್ಷಿತಾ ಪಾಠ ಓದುತ್ತ ಕೂತು ಅಪ್ಪಯ್ಯನ ಕಡೆ ಕಣ್ಣು ಮಿಟುಕಿಸುವುದು. ಆ ಮನೆಯಲ್ಲಿ ಇದು ಬೆಳಗಿನ ಚಹಾದಷ್ಟೇ ಮಾಮೂಲಾಗಿತ್ತು. ಅಷ್ಟು ವರ್ಷಗಳಲ್ಲಿ ಆ ಕಲೆ ಒಂದು ವಾರಕ್ಕಿಂತ ಹೆಚ್ಚು ಬದುಕಿದ್ದಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಮೋಹನದಾಸರ ದಮ್ಮು ಏರಿತು. ಹೋಟೆಲನ್ನು ಅಣ್ಣನ ಮಗ ಲತೇಶನಿಗೆ ಬಿಟ್ಟುಕೊಟ್ಟು ಅವರು ಇಡೀ ದಿನ ಆ ಗೋಡೆಗೆ ಒರಗಿ ಕೂತರು. ಕುಸುಮಕ್ಕ ಅವರಿಗೆ ಮದ್ದು ಕೊಡುವುದು, ಬೆನ್ನು ನೀವುವುದು, ಗಂಜಿ ಕುಡಿಸುವುದು, ಇಷ್ಟರಲ್ಲೇ ಮುಳುಗಿದ್ದಳು. ಶನಿವಾರಗಳು ಬಂದು ಹೋದದ್ದೂ ಅವಳಿಗೆ ತಿಳಿಯಲಿಲ್ಲ. ಆಷಾಢ ಮುಗಿಯುವ ಮೊದಲು ಅವರು ತೀರಿಕೊಂಡರು.

ಊರಿಂದ ಬಂದವರು ಊರಿಗೆ ಹೋದರು, ದೀಕ್ಷಿತಾ ವಾಕಡಕ್ಕೆ ಹೋದಳು. ಮನೆ ಖಾಲಿಯಾದ ಮಧ್ಯಾಹ್ನ ಕುಸುಮಕ್ಕ ಚಾಪೆ ಮಡಚಲು ಬಗ್ಗಿದವಳು ತಲೆಯೆತ್ತಿ ನೋಡಿದರೆ ಗೋಡೆಯ ಮೇಲೆ ಆ ಗುರುತು. ಅಷ್ಟು ದಟ್ಟವಾಗಿ ಅದು ಎಂದೂ ಮೂಡಿರಲಿಲ್ಲ. ತಲೆಯ ಹಿಂಭಾಗದ ದುಂಡು, ಅದರ ಕೆಳಗೆ ಕುತ್ತಿಗೆಯ ಕಡೆಗೆ ಇಳಿದ ಸಣ್ಣ ನೆರಳು, ಎಡಕ್ಕೆ ತುಸು ವಾಲಿದ ರೀತಿ ಕೂಡ ಅವರದ್ದೇ. ಅವಳ ಕೈ ಅಭ್ಯಾಸಬಲದಿಂದ ಸೆರಗಿಗೆ ಹೋಯಿತು, ಒರೆಸಲು. ಅಲ್ಲೇ ನಿಂತಿತು. ಅವತ್ತಿನವರೆಗೆ ಬಂದವರ ಮುಂದೆ ಅಳಲಾರದೆ ಇದ್ದವಳು ಆಗ ನೆಲದ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಆ ವರ್ಷ ಮನೆಯಲ್ಲಿ ಹಬ್ಬವಿಲ್ಲ. ಸತ್ತವರ ವರ್ಷಾಂತಿಕ ಆಗುವವರೆಗೆ ಚೌತಿಯಿಲ್ಲ, ದೀಪಾವಳಿಯಿಲ್ಲ. ಹಬ್ಬವಿಲ್ಲವೆಂದ ಮೇಲೆ ಹಬ್ಬದ ಗೋಡೆ ತೊಳೆಯುವ ಕೆಲಸವೂ ಇಲ್ಲ, ಏಕೆ ತೊಳೆದಿಲ್ಲ ಎಂದು ಕೇಳುವವರೂ ಇಲ್ಲ. ಉಳಿದವರಿಗೆ ಅದು ದುಃಖದ ಕಟ್ಟಳೆ. ಕುಸುಮಕ್ಕನಿಗೆ ಮಾತ್ರ ಅದು ಒಂದು ಆಸರೆಯಾಯಿತು. ಮನೆಯ ಉಳಿದ ಮೂಲೆ ಮೂಲೆಯನ್ನೂ ಉಜ್ಜಿದಳು, ಆ ಗೋಡೆಯ ಹತ್ತಿರ ಬಂದಾಗ ಪೊರಕೆಯನ್ನು ಬೇರೆ ಕಡೆ ತಿರುಗಿಸಿದಳು. ಮಧ್ಯಾಹ್ನದ ಊಟದ ತಟ್ಟೆ ಹಿಡಿದು ಅದರ ಎದುರಿಗೆ ಕೂರುತ್ತಿದ್ದಳು. ಮಾತಾಡಲು ಬಾಯಿ ಬರುತ್ತಿರಲಿಲ್ಲ. ಅಷ್ಟು ವರ್ಷ ಆ ಹೊತ್ತಿನಲ್ಲಿ ಅವರಿಗೆ ಬೈಯುವುದನ್ನು ಬಿಟ್ಟರೆ ಬೇರೆ ಮಾತಾಡಿದ ರೂಢಿಯೇ ಅವಳಿಗಿರಲಿಲ್ಲ.

ಚಳಿಗಾಲದಲ್ಲಿ ಒಂದು ದಿನ ಅಂಗಡಿಯಲ್ಲಿ ನಿಂತಿದ್ದಾಗ, ಇನ್ನು ಯಾರ ಉಸಿರಿಗೆ ಹೆದರಬೇಕು ಎನಿಸಿ, ಒಂದು ಫಿನಾಯಿಲ್ ಬಾಟಲಿ ಕೊಂಡು ತಂದಳು. ನೆಲ ಒರೆಸಿದಳು. ಘಾಟು ಏಳುತ್ತಿದ್ದಂತೆ ಕೈಯ ಬಟ್ಟೆ ಬಿಸಾಡಿ ಓಡಿ ಹೋಗಿ ಕಿಟಕಿಗಳನ್ನೆಲ್ಲ ತೆರೆದು, ಹಾಲಿನ ಕಡೆ ಕಿವಿ ಕೊಟ್ಟು ನಿಂತಳು. ಕೆಮ್ಮಿಲ್ಲ, ಏದುಸಿರಿಲ್ಲ. ರಸ್ತೆಯಲ್ಲಿ ರಿಕ್ಷಾ ಹೋದ ಸದ್ದು ಮಾತ್ರ. ಆ ನಿಶ್ಶಬ್ದಕ್ಕೆ ಅವಳಿಗೆ ಎಷ್ಟು ಭಯವಾಯಿತೆಂದರೆ ಮಿಕ್ಕ ಬಾಟಲಿಯನ್ನು ಕಟ್ಟಡದ ಮೆಟ್ಟಿಲು ತೊಳೆಯುವ ಹೆಂಗಸಿಗೆ ಕೊಟ್ಟು, ಮತ್ತೆ ಅಂಟುವಾಳ ಕುದಿಸಲು ಇಟ್ಟಳು. ಯಾರೂ ಇಲ್ಲದ ಮನೆಯನ್ನೂ ಅವಳು ಆ ಮನುಷ್ಯನಿಗೆ ಒಗ್ಗುವ ಹಾಗೆಯೇ ಗುಡಿಸಿ ಒರೆಸಿದಳು.

ಈ ವರ್ಷದ ಮಳೆ ಬಂದಾಗ ಕಷ್ಟ ಶುರುವಾಯಿತು. ಪಕ್ಕದ ಹಳೆಯ ಬಂಗಲೆಯನ್ನು ಕೆಡವಿ ಎತ್ತರದ ಕಟ್ಟಡ ಎಬ್ಬಿಸಿದ್ದರು. ಹಾಲಿನ ಗೋಡೆಗೆ ಬೀಳುತ್ತಿದ್ದ ಚೂರುಪಾರು ಬಿಸಿಲೂ ತಪ್ಪಿತು, ಗಾಳಿಯೂ ನಿಂತಿತು. ಗೋಡೆ ತೇವ ಹಿಡಿಯಿತು. ಕುಸುಮಕ್ಕನ ಮೂಗಿಗೆ ಒಂದು ಬೆಳಿಗ್ಗೆ ಮುಗ್ಗಲು ವಾಸನೆ ಹೊಡೆಯಿತು. ಹುಡುಕಿಕೊಂಡು ಹೋದರೆ ಆ ಎಣ್ಣೆಯ ಗುರುತಿನ ಅಂಚಿನಲ್ಲೇ ಸಾಸಿವೆಯಷ್ಟು ದಪ್ಪದ ಹಸಿರು-ಕಪ್ಪು ಚುಕ್ಕೆಗಳು. ಬೂಷ್ಟಿಗೆ ಎಣ್ಣೆಯೆಂದರೆ ಔತಣ. ಬೇರೆಲ್ಲೇ ಆಗಿದ್ದರೂ ಅವಳು ಅರ್ಧ ಗಂಟೆಯಲ್ಲಿ ಅದರ ಹುಟ್ಟಡಗಿಸುತ್ತಿದ್ದಳು. ಇಲ್ಲಿ ಕೈ ಕಟ್ಟಿತು. ಬಿಟ್ಟರೆ ಬೂಷ್ಟು ಅವರ ತಲೆಯ ಗುರುತನ್ನು ತಿನ್ನುತ್ತದೆ, ತೊಳೆದರೆ ತಾನೇ ಅಳಿಸಿದಂತೆ.

ಎರಡು ದಿನ ತಲೆ ಕೆಡಿಸಿಕೊಂಡು ಕೊನೆಗೆ ತನ್ನ ವಿದ್ಯೆಯಲ್ಲೇ ದಾರಿ ಕಂಡುಕೊಂಡಳು. ಅಂಟುವಾಳ ಎಣ್ಣೆಯನ್ನು ತಿನ್ನುತ್ತದೆ. ಹುಳಿನೀರು ಬೂಷ್ಟನ್ನು ಕೊಲ್ಲುತ್ತದೆ, ಎಣ್ಣೆಯ ತಂಟೆಗೆ ಹೋಗುವುದಿಲ್ಲ. ಹಾಗಾದರೆ ಈ ಗೋಡೆಗೆ ಹುಳಿನೀರು ಮಾತ್ರ. ಹತ್ತಿಯ ಬತ್ತಿ ಹೊಸೆದು, ಅದರ ತುದಿಯನ್ನು ಹುಳಿನೀರಿನಲ್ಲಿ ಅದ್ದಿ, ಒಂದೊಂದೇ ಚುಕ್ಕೆಯನ್ನು ಮುಟ್ಟಿ ತೆಗೆದು, ಒಣ ಬಟ್ಟೆ ಒತ್ತಿ, ಬೀಸಣಿಗೆಯಿಂದ ಗಾಳಿ ಹಾಕಿದಳು. ಮಗುವಿನ ಕಿವಿ ಒರೆಸುವ ಹಾಗೆ ಒರೆಸಿದಳು. ನಾಲ್ಕು ದಿನಕ್ಕೆ ಚುಕ್ಕೆಗಳು ಮತ್ತೆ ಬಂದವು. ಮತ್ತೆ ಕೂತಳು. ಗೋಡೆಗೆ ಮುಖ ಕೊಟ್ಟು ಕೂತು ಕೂತು ಅವಳಿಗೇ ಕೆಮ್ಮು ಹಿಡಿಯಿತು.

ಮೇಲಿನ ಮಹಡಿಯ ಸುಮಂಗಲಾ ವಿಜಯಪುರದ ಕಡೆಯವಳು, ಬಾಯಿ ಜೋರು, ಮನಸ್ಸು ಒಳ್ಳೆಯದು. ರೊಟ್ಟಿ ಕೊಡಲು ಬಂದವಳು ಗೋಡೆಯ ತೇವ, ಬೂಷ್ಟು ನೋಡಿ ಅಲ್ಲೇ ನಿಂತಳು.

"ಅಯ್ಯ ಕುಸುಮಕ್ಕ, ಏನ್ರಿ ಇದು? ಓಲ ಹಿಡದು ಬುರಶಿ ಬಂದದಲ್ರಿ ಗ್ವಾಡಿಗೆ! ನಿಮ್ಮ ಮನ್ಯಾಗ ಹಿಂಗ ಅಂದ್ರ ಯಾರ್ ನಂಬ್ತಾರ? ಪೇಂಟಿನವ್ರಿಗೆ ಹೇಳ್ಲೇನು?"

"ಬೇಡ ಸುಮಂಗಲಾ. ಮಳೆ ಬಿಡ್ಲಿ, ಕಾಂಬ."

"ಮಳಿ ಬಿಡೂತನಾ ನಿಮ್ಮ ಎದಿ ಬಿಡ್ತದೇನ್ರಿ? ಕೆಮ್ಮು ನೋಡ್ರಿ ಹೆಂಗ ಕೆಮ್ಮಾಕತ್ತೀರಿ. ದೀಕ್ಷಿತಾಗ ನಾನಽ ಫೋನ್ ಮಾಡ್ತೀನಿ ತಡೀರಿ."

ಕುಸುಮಕ್ಕ ಆ ಹೊತ್ತಿನಲ್ಲಿ ನಿಜ ಹೇಳಿಬಿಡಬಹುದಿತ್ತು. ಇದು ನಮ್ಮವರ ತಲೆಯ ಗುರುತು, ಮುಟ್ಟಬೇಡಿ ಎಂದರೆ ಸುಮಂಗಲಾ ಖಂಡಿತ ನಗುತ್ತಿರಲಿಲ್ಲ. ಆದರೆ ಜೀವಮಾನವಿಡೀ ಅದೇ ಕಲೆಗಾಗಿ ಕಟ್ಟಡಕ್ಕೆಲ್ಲ ಕೇಳುವ ಹಾಗೆ ಗಂಡನಿಗೆ ಬೈದವಳು ಈಗ ಅದನ್ನು ಕಾಯುತ್ತ ಕೂತಿದ್ದೇನೆ ಎಂದು ಯಾವ ಬಾಯಿಯಿಂದ ಹೇಳುವುದು? ನಾಚಿಕೆಯಾಯಿತು. ರೊಟ್ಟಿ ತೆಗೆದುಕೊಂಡಳು.

ವರ್ಷಾಂತಿಕ ಮುಗಿಯಿತು. ಸುಮಂಗಲಾ ಹೇಳಿದಂತೆಯೇ ಫೋನ್ ಮಾಡಿದ್ದಳೆಂದು ಕಾಣುತ್ತದೆ. ದೀಕ್ಷಿತಾ ಫೋನಿನಲ್ಲಿ ಖಡಾಖಂಡಿತವಾಗಿ, ಈ ಸಲ ಚೌತಿ ಧನಕವಡಿಯ ಮನೆಯಲ್ಲೇ, ಗಣಪತಿಯನ್ನು ಅಪ್ಪಯ್ಯ ಕೂರಿಸುತ್ತಿದ್ದ ಹಾಲಿನಲ್ಲೇ ಕೂರಿಸೋಣ ಎಂದಳು. ಬೇಡ ಎನ್ನಲು ಕಾರಣವಿರಲಿಲ್ಲ. ಹಬ್ಬಕ್ಕೆ ಮೊದಲು ಬಂದ ಭಾನುವಾರ ಬೆಳಿಗ್ಗೆಯೇ ಮಗಳು ಬಂದಳು. ಅಮ್ಮನ ಕೆಮ್ಮು ಕೇಳಿ ಅವಳ ಮುಖ ಸಣ್ಣದಾಯಿತು. ಅಪ್ಪಯ್ಯನ ಕೆಮ್ಮು ಕೇಳಿಕೊಂಡೇ ಬೆಳೆದ ಹುಡುಗಿ ಅದು.

"ಅಮ್ಮ, ನೀನ್ ಇವತ್ತ್ ಎಂತ ಕೆಲ್ಸ ಮಾಡೂಕಾಗ. ನಾನೇ ಎಲ್ಲ ಕ್ಲೀನ್ ಮಾಡ್ತೆ."

"ಅಡ್ಗಿಮನಿ ಮಾಡ್ ಸಾಕ್. ಹಾಲ್ ನಾನ್ ಕಾಣ್ತೆ," ಎಂದಳು ಕುಸುಮಕ್ಕ. ಅಷ್ಟೇ ಹೇಳಿದಳು. ಏಕೆ ಎಂದು ಹೇಳಲಿಲ್ಲ.

ಹುಳಿನೀರು ತಳ ಕಂಡಿತ್ತು, ಹೊಸದಾಗಿ ಹಾಕಲು ಲಿಂಬೆ ಸಿಪ್ಪೆ ಬೇಕಿತ್ತು. ಕುಸುಮಕ್ಕ ಚೀಲ, ಕೊಡೆ ಹಿಡಿದು ಹೋಟೆಲಿಗೆ ಹೋದಳು. ಲತೇಶ ಚಿಕ್ಕಮ್ಮನಿಗಾಗಿ ಸಿಪ್ಪೆ ತೆಗೆದಿಟ್ಟಿದ್ದ. ಗಲ್ಲಾದ ಹಿಂದೆ ಮೋಹನದಾಸರ ಫೋಟೋಗೆ ಹೂವು ಹಾಕಿದ್ದ. ಫೋಟೋದಲ್ಲಿ ಅವರು ಎದುರಿಗೆ ನೋಡುತ್ತಿದ್ದರು, ತಲೆ ಬಾಚಿ, ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿ, ಯಾವುದೋ ಸಭೆಗೆ ಹೊರಟವರ ಹಾಗೆ. ಆ ಮನುಷ್ಯನ ಗುರುತು ತನಗೆ ಅಷ್ಟಾಗಿ ಇಲ್ಲವೆನಿಸಿತು ಅವಳಿಗೆ. ಲತೇಶ ಚಹಾ ಕುಡಿದೇ ಹೋಗಿ ಎಂದ. ಮಳೆ ಬಂತು. ಸ್ವಲ್ಪ ಹೊತ್ತು ಕೂತಳು.

ಮನೆಯ ಬಾಗಿಲು ದೂಡುವ ಮೊದಲೇ ಅವಳ ಮೂಗು ಹೇಳಿಬಿಟ್ಟಿತು. ಅಂಟುವಾಳ. ಅಡುಗೆಮನೆಯದಲ್ಲ, ಹಾಲಿನದು, ಒದ್ದೆ ಸುಣ್ಣದ ವಾಸನೆಯೂ ಅದರ ಜೊತೆಗಿತ್ತು. ಅವಳ ಕೈಯ ಕೊಡೆಯಿಂದ ನೀರು ಹೊಸ್ತಿಲ ಮೇಲೆ ತೊಟ್ಟಿಕ್ಕುತ್ತಿತ್ತು.

"ಅಮ್ಮ, ಬಾ ಬಾ, ಗ್ವಾಡಿ ಕಾಣ್!" ದೀಕ್ಷಿತಾ ಸಲ್ವಾರ್ ಮೊಣಕಾಲಿನವರೆಗೆ ಮಡಚಿ, ಕೂದಲು ಮೇಲೆ ಕಟ್ಟಿ, ಕೈಯಲ್ಲಿ ತೆಂಗಿನ ನಾರು ಹಿಡಿದು ನಿಂತಿದ್ದಳು. "ಒಂಚೂರೂ ಕೆಮಿಕಲ್ ಹಾಕ್ಲಿಲ್ಲ. ಎಲ್ಲ ನಿನ್ನ ಥರಾನೇ. ಮೊದ್ಲ್ ಇದ್ದಷ್ಟ್ ಹುಳಿನೀರ್ ಹಾಕ್ದೆ, ಬುರಶಿ ಹೋಯ್ತ್, ಎಣ್ಣಿ ಕಲಿ ಹೋಯ್ಲಿಲ್ಲ. ಮತ್ತೆ ಅಂಟುವಾಳಕ್ಕೆ ಸೋಡ ಹಾಕಿ ತಿಕ್ಕ್‌ದೆ. ಈಗ ಕಾಣ್!"

ಗೋಡೆ ಬೆಳ್ಳಗಿತ್ತು. ಕುಸುಮಕ್ಕ ಕಲಿಸಿದ ರೀತಿಯಲ್ಲೇ ಮಗಳು ಮೇಲಿನಿಂದ ಕೆಳಕ್ಕೆ, ಒಂದು ಗೆರೆಯೂ ಉಳಿಯದಂತೆ ತೊಳೆದಿದ್ದಳು. ತಪ್ಪು ಹುಡುಕಲು ಜಾಗವಿರಲಿಲ್ಲ. ಅವರು ಒರಗುತ್ತಿದ್ದ ಕಡೆ ಒದ್ದೆಯ ಒಂದು ಗುಂಡು ಮಾತ್ರ ಇತ್ತು, ಅದೂ ಅಂಚಿನಿಂದ ಆರುತ್ತಿತ್ತು. ಹೋದ ವರ್ಷ ಅವರು ಹೋದದ್ದು ಒಂದು ಸಲ, ಇದು ಎರಡನೆಯ ಸಲ.

ಅಮ್ಮನ ಮುಖ ಕಂಡು ದೀಕ್ಷಿತಾಳ ಹುರುಪು ಇಳಿಯಿತು. ನಾರನ್ನು ಬಕೀಟಿಗೆ ಹಾಕಿ ಮೆಲ್ಲಗೆ ಹೇಳಿದಳು:

"ನಂಗೆ ತಿಕ್ಕೂಕೆ ಮನ್ಸೇ ಬರ್ಲಿಲ್ಲ ಅಮ್ಮ. ಅಪ್ಪಯ್ಯನ ತಲಿ ಗುರ್ತ್ ಅಲ್ದಾ ಅದ್? ಸುಮಾರ್ ಹೊತ್ತ್ ಸುಮ್ನೆ ಕೂಕಂಡಿದ್ದೆ ಅದ್ರ ಎದ್ರಿಗೆ. ಆದ್ರೆ ನಿಂಗೆ ಅದನ್ನ ಕಂಡ್ರೆ ಆತಿರ್ಲಿಲ್ಲ ಅಲ್ದಾ? ಪ್ರತಿ ವಾರ ನೀನ್ ಬೈತಿದ್ದೆ. ನಿನ್ನ ಕೈಯಲ್ಲಿ ಆಗ್ದೇ ನೀನ್ ಬಿಟ್ಟಿದ್ದೆ ಅಂದ್ಕಂಡೆ. ನಿಂಗೋಸ್ಕರ ತೆಗ್ದೆ."

ಈಗ ಹೇಳಬಹುದಿತ್ತು. ಹೇಳಿದರೆ ಮಗಳ ಎದೆಯ ಮೇಲೆ ಒಂದು ಕಲ್ಲು ಕೂರುತ್ತದೆ, ಅದನ್ನು ಯಾವ ನೀರಿನಿಂದಲೂ ತೊಳೆಯಲಾಗುವುದಿಲ್ಲ. ಕುಸುಮಕ್ಕ ಚೀಲ ಕೆಳಗಿಟ್ಟು, ಮಗಳ ಒದ್ದೆ ಕೈಗಳನ್ನು ತನ್ನ ಸೆರಗಿನಿಂದ ಒರೆಸಿದಳು.

"ಲಾಯ್ಕ್ ಆಯ್ತ್ ಮಗಾ," ಎಂದಳು. "ನನ್ನಿಂದ ಹಿಂಗೆ ಆತಿರ್ಲಿಲ್ಲ."

ಆ ಮಾತು ಸುಳ್ಳಲ್ಲ. ದೀಕ್ಷಿತಾ ಅಮ್ಮನ ಹೆಗಲಿಗೆ ತಲೆಯಿಟ್ಟು ಒಂದು ಗಳಿಗೆ ನಿಂತಳು. ಊಟ ಮಾಡಿ, ಹಬ್ಬದ ದಿನ ಗಣಪತಿ ಹಿಡಿದುಕೊಂಡೇ ಬರುತ್ತೇನೆಂದು ಹೇಳಿ, ಸಂಜೆ ವಾಕಡಕ್ಕೆ ಹೊರಟುಹೋದಳು.

ಮರುದಿನ ಗೋಡೆ ಪೂರ್ತಿ ಆರಿತ್ತು. ಮನೆಗೆ ಯಾವ ವಾಸನೆಯೂ ಇರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಕುಸುಮಕ್ಕ ತಟ್ಟೆ ತೊಳೆದಿಟ್ಟು, ಏನು ಮಾಡಬೇಕೆಂದು ತೋಚದೆ ಅಡುಗೆಮನೆಗೂ ಹಾಲಿಗೂ ಓಡಾಡಿದಳು. ಕನ್ನಡಿಯ ಕಪಾಟಿನ ಮೇಲೆ ಮೋಹನದಾಸರ ಎಣ್ಣೆ ಬಾಟಲಿ ಹಾಗೆಯೇ ಇತ್ತು. ಮುಚ್ಚಳ ತೆಗೆದಳು. ಎಣ್ಣೆಗೆ ಸ್ವಲ್ಪ ಕನರು ವಾಸನೆ ಬಂದಿತ್ತು. ಅಂಗೈಗೆ ಸುರಿದುಕೊಂಡು, ಅವರು ತಟ್ಟುತ್ತಿದ್ದ ಹಾಗೆಯೇ ನೆತ್ತಿಗೆ ತಟ್ಟಿ ತಟ್ಟಿ ಇಳಿಸಿದಳು. ಒಂದು ತೊಟ್ಟು ಹಣೆಯ ಮೇಲೆ ಹರಿಯಿತು, ಒರೆಸಿಕೊಳ್ಳಲಿಲ್ಲ. ಚಾಪೆ ಹಾಸಿ, ಗೋಡೆಗೆ ಬೆನ್ನು ಕೊಟ್ಟು ಕೂತಳು. ಅವರು ಎತ್ತರದ ಆಳು, ಇವಳು ಗಿಡ್ಡ. ಅವರ ತಲೆ ತಾಗುತ್ತಿದ್ದ ಕಡೆಗೆ ಇವಳ ತಲೆ ಮುಟ್ಟಲಿಲ್ಲ. ಒಂದು ಗೇಣು ಕೆಳಗೇ ಉಳಿಯಿತು.

ಇರಲಿ ಎಂದುಕೊಂಡು ಅಲ್ಲೇ ತಲೆ ಒರಗಿಸಿದಳು. ಎಣ್ಣೆ ಗೋಡೆಗೆ ತಾಗಿದ್ದು ಗೊತ್ತಾಯಿತು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕಾದಳು. ಯಾರೂ ಬೈಯಲಿಲ್ಲ.